ಪ್ರೌಢಶಾಲೆಯ ಮಕ್ಕಳಿಗೆ ಭಾಷಣ, ನಾಟಕ ಕಲಿಸುವುದು ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿಭಾ ಕಾರಂಜಿ, ರಾಷ್ಟ್ರೀಯ ಹಬ್ಬ, ವಾರ್ಷಿಕೋತ್ಸವ ಬಂತೆಂದರೆ ಭಾಷಣ, ಚರ್ಚೆ, ನಾಟಕ ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಭಾಷಣವನ್ನು ನಾನೇ ಬರೆದುಕೊಡುತ್ತೇನೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪ್ರತಿ ಸಲವೂ ಅದೇ ನಾಲ್ಕೈದು ಮಕ್ಕಳು. ಈ ವರ್ಷ ಕ್ಲಸ್ಟರ್ ಹಂತದಲ್ಲಿ 9ನೆಯ ತರಗತಿಯ ಹುಡುಗಿಯೊಬ್ಬಳು ಎರಡನೆಯ ನಿಮಿಷಕ್ಕೆ ಮರೆತು, ಅಳುತ್ತ ವೇದಿಕೆಯಿಂದ ಇಳಿದಳು. ಇನ್ನು ಮೈಕಿನ ಹತ್ತಿರವೂ ಬರುವುದಿಲ್ಲ ಎನ್ನುತ್ತಾಳೆ. ಚೆನ್ನಾಗಿ ಹಾಡುತ್ತಿದ್ದ ಹುಡುಗನೊಬ್ಬನ ದನಿ ಒಡೆದು, ಅವನೂ ಹಿಂದೆ ಸರಿದಿದ್ದಾನೆ. ನಮ್ಮಲ್ಲಿ ನಾಟಕ ಶಿಕ್ಷಕರಿಲ್ಲ, ಹಣವಿಲ್ಲ, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಸಮಯವೂ ಇಲ್ಲ. ನಾನು ಎಲ್ಲಿಂದ ಶುರುಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ನಾನು ತಡೆದು ನಿಂತದ್ದು ‘ಭಾಷಣವನ್ನು ನಾನೇ ಬರೆದುಕೊಡುತ್ತೇನೆ’ ಎಂಬ ವಾಕ್ಯದಲ್ಲಿ. ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಕೈಯಲ್ಲಿ ನಾಲ್ಕು ದಿನವಿದ್ದು, ಹತ್ತಾರು ಸ್ಪರ್ಧೆಗಳಿಗೆ ಮಕ್ಕಳನ್ನು ಸಜ್ಜುಗೊಳಿಸಬೇಕಾದ ಶಿಕ್ಷಕಿ ಮತ್ತೇನು ತಾನೇ ಮಾಡಿಯಾರು? ಆದರೆ ನೀವು ಕೇಳಿರುವ ಎಲ್ಲ ಪ್ರಶ್ನೆಗಳ ಬೇರು ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಆ ಹುಡುಗಿ ಮರೆತದ್ದಕ್ಕೆ ಅವಳ ಜ್ಞಾಪಕಶಕ್ತಿ ಕಾರಣವಲ್ಲ. ಮರೆಯುವುದಕ್ಕೆ ಮುಂಚೆಯೂ ಆ ಮಾತು ಅವಳದಾಗಿರಲಿಲ್ಲ.

ಪ್ರೌಢಶಾಲೆಗಳ ಭಾಷಣ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಾಗ ಈ ದೃಶ್ಯವನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ‘ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ’ ಎಂಬ ಭಾಗ ನೀರಿನಂತೆ ಹರಿದು ಬರುತ್ತದೆ, ಏಕೆಂದರೆ ಮಗು ಅದನ್ನು 5ನೆಯ ತರಗತಿಯಿಂದಲೂ ಹೇಳುತ್ತ ಬಂದಿದೆ. ಕೈಗಳು ಸಮವಸ್ತ್ರದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಎರಡನೆಯ ಪ್ಯಾರಾಕ್ಕೆ ಬರುವ ಹೊತ್ತಿಗೆ ಕಣ್ಣು ಸಭಿಕರನ್ನು ಬಿಟ್ಟು ಸೂರಿನ ಕಡೆಗೆ ಹೋಗುತ್ತದೆ. ಅಲ್ಲಿ ಮಗು ನೋಟ್‌ಪುಸ್ತಕದ ಹಾಳೆಯನ್ನು, ಆ ಹಾಳೆಯ ಏಳನೆಯ ಸಾಲನ್ನು ಹುಡುಕುತ್ತಿರುತ್ತದೆ. ‘ಸಬಲೀಕರಣ’ ಎಂಬ ಪದದ ಮುಂದಿನ ಪದ ಸಿಗದಿದ್ದಾಗ ವಾಕ್ಯದ ಆರಂಭಕ್ಕೆ ಹಿಂತಿರುಗುತ್ತದೆ, ಬಂದು ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ. ಪ್ರತಿಯೊಂದು ಪದವೂ ಹಿಂದಿನ ಪದವನ್ನು ಹಿಡಿದು ನಿಂತಿದೆಯೇ ಹೊರತು ಅರ್ಥವನ್ನು ಹಿಡಿದು ನಿಂತಿಲ್ಲವಾದ್ದರಿಂದ, ಒಂದು ಮಣಿ ಜಾರಿದರೆ ಇಡೀ ಸರ ಚೆಲ್ಲಿಹೋಗುತ್ತದೆ. ಅಂಥದೇ ಹುಡುಗಿ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನಿಂತು, ನಿನ್ನೆ ಸಂಜೆ ಬಸ್ಸು ತಪ್ಪಿಹೋದ ಕಥೆಯನ್ನು ಗೆಳತಿಗೆ ಹತ್ತು ನಿಮಿಷ ಎಲ್ಲಿಯೂ ತಡವರಿಸದೆ ಹೇಳುತ್ತಾಳೆ. ಅದನ್ನು ಯಾರೂ ಅವಳಿಗೆ ಬರೆದುಕೊಟ್ಟಿರುವುದಿಲ್ಲ; ಎದುರಿಗೆ ನಿಜವಾಗಿ ಕೇಳಿಸಿಕೊಳ್ಳುವವಳೊಬ್ಬಳು ಇರುತ್ತಾಳೆ.

ಕೇಳಿಸಿಕೊಳ್ಳುವವರು ಇರಬೇಕು ಎಂಬ ಈ ಸಂಗತಿ ನಮ್ಮ ಶಾಲೆಗಳ ತರಬೇತಿಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ. ನಾವು ಬಾಯಿಗೆ ತರಬೇತಿ ಕೊಡುತ್ತೇವೆ, ಕಿವಿಗೆ ಕೊಡುವುದಿಲ್ಲ. ಭಾಷಣಕ್ಕಾಗಲಿ, ಚರ್ಚೆಗಾಗಲಿ, ನಾಟಕಕ್ಕಾಗಲಿ ನೀವು ಶುರುಮಾಡಬೇಕಾದದ್ದು ಕೇಳಿಸಿಕೊಳ್ಳುವ ಅಭ್ಯಾಸದಿಂದ. ಅದಕ್ಕೆ ವೇದಿಕೆ, ಮೈಕು, ಪರದೆ ಯಾವುದೂ ಬೇಕಾಗುವುದಿಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಸಿದ್ಧವಾಗಿರುವ ಒಂದು ಮಾದರಿಯಿದೆ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಯಕ್ಷಗಾನದ ಹಾಡುಗಾರಿಕೆ ಮತ್ತು ಹಿಮ್ಮೇಳ ಇರುತ್ತವೆ, ವೇಷ ಮತ್ತು ಕುಣಿತ ಇರುವುದಿಲ್ಲ. ಭಾಗವತರು ಪ್ರಸಂಗದ ಒಂದು ಪದ್ಯವನ್ನು ಹಾಡುತ್ತಾರೆ. ಕುಳಿತಲ್ಲಿಯೇ ಅರ್ಥಧಾರಿಯು ಆ ಪದ್ಯದ ಅರ್ಥವನ್ನು ಪಾತ್ರದ ಮಾತಾಗಿ, ಆ ಕ್ಷಣದಲ್ಲಿ ಕಟ್ಟಿ ಹೇಳುತ್ತಾರೆ. ಎದುರಿನ ಅರ್ಥಧಾರಿ ಅದಕ್ಕೆ ಉತ್ತರ ಕೊಡುತ್ತಾರೆ. ಸಂಭಾಷಣೆಯನ್ನು ಯಾರೂ ಬರೆದಿಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ರಾಮದಾಸ ಸಾಮಗರಂಥವರ ಮಾತಿಗಾಗಿ ಜನ ರಾತ್ರಿಯಿಡೀ ಕುಳಿತದ್ದು ಅವರ ಪಾಂಡಿತ್ಯಕ್ಕೆ ಮಾತ್ರವಲ್ಲ. ಎದುರಾಳಿ ಆಡಿದ ಒಂದು ಪದವನ್ನು ಹಿಡಿದು ಅದರಿಂದಲೇ ತಮ್ಮ ಉತ್ತರವನ್ನು ಎತ್ತಿಕೊಳ್ಳುವ ಅವರ ಎಚ್ಚರಕ್ಕಾಗಿ. ಚೆನ್ನಾಗಿ ಕೇಳಿಸಿಕೊಳ್ಳದವನು ಅಲ್ಲಿ ಅರ್ಥ ಹೇಳಲಾರ. ನಿಮ್ಮ ಊರು ಆ ಭಾಗದ್ದಲ್ಲದಿದ್ದರೂ ಚಿಂತೆಯಿಲ್ಲ. ಉತ್ತರ ಕರ್ನಾಟಕದ ಗೀಗೀ ಮತ್ತು ಲಾವಣಿ ಮೇಳಗಳಲ್ಲಿ ಹರದೇಶಿ–ನಾಗೇಶಿಯೆಂಬ ಎರಡು ಪಕ್ಷಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲಿಯೇ ವಾದಿಸುತ್ತ ಬಂದಿವೆ. ಪರ–ವಿರೋಧದ ಚರ್ಚಾ ಸ್ಪರ್ಧೆಯೆಂದು ನಾವು ಇಂದು ಕರೆಯುವುದನ್ನು ಈ ಕಲಾವಿದರು ತಲೆಮಾರುಗಳಿಂದ ಮಾಡಿದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ಸುತ್ತಿನ ಹತ್ತು ಹಳ್ಳಿಗಳಲ್ಲಿ ಎಲ್ಲಿಯಾದರೂ ಇದ್ದರೆ, ಒಂದು ಮಧ್ಯಾಹ್ನ ಶಾಲೆಗೆ ಕರೆಸಿ ಮಕ್ಕಳ ಮುಂದೆ ಕೂರಿಸಿ.

ಇನ್ನು ತರಗತಿಯಲ್ಲಿ ಮಾಡಬಹುದಾದದ್ದನ್ನು ಹೇಳುತ್ತೇನೆ. 10ನೆಯ ತರಗತಿಯ ಪ್ರಥಮ ಭಾಷೆಯ ಪಠ್ಯದಲ್ಲಿರುವ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಎಂಬ ಭಾಗ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. 9ನೆಯ ತರಗತಿಯವರೊಡನೆ ಬೇಕಾದರೆ ಅದೇ ಪ್ರಸಂಗವನ್ನು ಕಥೆಯಾಗಿ ಹೇಳಿ ಬಳಸಬಹುದು. ಯುದ್ಧಕ್ಕೆ ಮುಂಚೆ ಕೃಷ್ಣನು ಕರ್ಣನನ್ನು ಕೈಹಿಡಿದು ರಥದಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡು, ನೀನು ಕುಂತಿಯ ಹಿರಿಯ ಮಗ, ರಾಜ್ಯ ನಿನ್ನದು ಎಂದು ಹೇಳುವ ಸಂದರ್ಭ ಅದು. ಇಬ್ಬರು ಮಾತನಾಡುತ್ತಾರೆ, ಒಬ್ಬನ ಮಾತು ಇನ್ನೊಬ್ಬನ ಬದುಕನ್ನೇ ತಲೆಕೆಳಗು ಮಾಡುತ್ತದೆ. ಮೊದಲ ಹತ್ತು ನಿಮಿಷ, ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಗಳು ಮಾಡುವಂತೆ ಪದಗಳನ್ನು ಅರ್ಥಕ್ಕೆ ತಕ್ಕ ಹಾಗೆ ಬಿಡಿಸಿ ಓದಿಸಿ. ಷಟ್ಪದಿಯಲ್ಲಿ ಸಾಲು ಮುಗಿದಲ್ಲಿ ಅರ್ಥ ಮುಗಿದಿರಬೇಕೆಂದಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲದೆ ಮುಂದಿನ ಸಾಲಿಗೆ ದಾಟಬೇಕು ಎಂಬುದನ್ನು ಮಕ್ಕಳೇ ಪೆನ್ಸಿಲಿನಿಂದ ಗೆರೆ ಹಾಕಿ ಗುರುತಿಸಲಿ. ಭಾಷಣದಲ್ಲಿ ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂಬ ಪಾಠವೂ ಇದೇ ಆಗಿದೆ. ಆಮೇಲೆ ಇಬ್ಬರನ್ನು ಎದುರುಬದುರಾಗಿ ಚಾಪೆಯ ಮೇಲೆ ಕೂರಿಸಿ. ಒಬ್ಬರು ಕೃಷ್ಣ, ಒಬ್ಬರು ಕರ್ಣ. ತಮ್ಮ ಮನೆಮಾತಿನ ಕನ್ನಡದಲ್ಲಿಯೇ ಮಾತನಾಡಲಿ. ನಿಯಮ ಒಂದೇ: ಎದುರಿನವರು ಈಗಷ್ಟೇ ಆಡಿದ ಒಂದು ಪದವನ್ನಾದರೂ ಹಿಡಿದುಕೊಂಡು ಉತ್ತರವನ್ನು ಶುರುಮಾಡಬೇಕು. ಉಳಿದ ಮಕ್ಕಳಿಗೂ ಕೆಲಸವಿದೆ. ನೀವು ಯಾರನ್ನು ಬೆರಳು ಮಾಡಿ ತೋರಿಸುತ್ತೀರೋ ಅವರು ಕರ್ಣ ಏನು ಕೇಳಿದ, ಕೃಷ್ಣ ಏನನ್ನು ಮುಚ್ಚಿಟ್ಟ ಎಂದು ಹೇಳಬೇಕು.

ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಈ ಅಭ್ಯಾಸವನ್ನು ಮಾಡಿಸುವಾಗ ನಡೆದದ್ದನ್ನು ನಾನು ಮರೆತಿಲ್ಲ. ಕೃಷ್ಣನ ಪಾತ್ರಕ್ಕೆ ಕುಳಿತ ಹುಡುಗಿ ತರಗತಿಯಲ್ಲಿ ಮುಂದಿದ್ದವಳು; ಹಾಳೆಯ ತುಂಬ ಅಂಶಗಳನ್ನು ಬರೆದುಕೊಂಡು ಬಂದಿದ್ದಳು. ಪಾಂಡವರೈವರು ನಿನ್ನ ತಮ್ಮಂದಿರು, ನಿನ್ನ ಪಾದದ ಬಳಿ ಕುಳಿತಾರು, ಸಿಂಹಾಸನ ನಿನಗೇ ಸಲ್ಲಬೇಕಾದದ್ದು ಎಂದು ಕ್ರಮವಾಗಿ ಹೇಳಿ ಮುಗಿಸಿದಳು. ಕರ್ಣನಾಗಿ ಕುಳಿತವನು ಕೊನೆಯ ಬೆಂಚಿನ ಹುಡುಗ, ಸಾಮಾನ್ಯವಾಗಿ ಹಾಜರಿ ಕರೆದಾಗ ಮಾತ್ರ ಬಾಯಿ ತೆರೆಯುತ್ತಿದ್ದವನು. ಅವನು ಎಲ್ಲವನ್ನೂ ಕೇಳಿಸಿಕೊಂಡು, ನೆಲ ನೋಡುತ್ತ, ‘ತಮ್ಮಂದ್ರು ಅಂದ್ರಲ್ಲ, ಇಷ್ಟ್ ದಿನ ಎಲ್ಲಿದ್ರು?’ ಎಂದ. ಹುಡುಗಿ ಹಾಳೆಯನ್ನು ನೋಡಿದಳು. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಾಳೆಯನ್ನು ಮಡಚಿ ಮೊಣಕಾಲಿನ ಕೆಳಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ‘ನಂಗೆ ಗೊತ್ತಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ’ ಎಂದಳು. ಕುಮಾರವ್ಯಾಸನ ಕೃಷ್ಣ ಹೀಗೆ ಮಾತನಾಡುವವನಲ್ಲ, ಅದನ್ನು ಮಕ್ಕಳಿಗೆ ಆಮೇಲೆ ಹೇಳಿದೆ. ಆದರೆ ಅದಾದ ಮೇಲೆ ಮತ್ತೊಮ್ಮೆ ಪದ್ಯವನ್ನು ಓದಿದಾಗ, ಕರ್ಣನ ಕೊರಳ ಸೆರೆ ಹಿಗ್ಗಿತೆಂದು ಕವಿ ಹೇಳುವ ಸಾಲಿಗೆ ನಾನು ಕಪ್ಪುಹಲಗೆಯ ಮೇಲೆ ಅರ್ಥವನ್ನು ಬರೆಯಬೇಕಾಗಲಿಲ್ಲ.

ಭಾಷಣವನ್ನು ಸಿದ್ಧಪಡಿಸುವಾಗಲೂ ಇದೇ ದಾರಿಯನ್ನು ಹಿಡಿಯಿರಿ. ವಿಷಯ ಸಿಕ್ಕಿದ ದಿನ ಏನನ್ನೂ ಬರೆಯಿಸಬೇಡಿ. ಆ ವಿಷಯಕ್ಕೆ ಸಂಬಂಧಿಸಿದಂತೆ ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮಗು ಎರಡು ನಿಮಿಷ ನಿಮಗೆ ಹೇಳಲಿ. ನೀವು ಮೂರು ಪ್ರಶ್ನೆಗಳನ್ನು ಕೇಳಿ, ನಿಜವಾಗಿ ತಿಳಿಯಬೇಕೆಂದಿರುವ ಪ್ರಶ್ನೆಗಳನ್ನು. ಪರಿಸರದ ಬಗ್ಗೆ ಮಾತನಾಡಬೇಕಾದ ಹುಡುಗ ತನ್ನ ಮನೆಯ ಹಿಂದಿನ ಕೊಳವೆಬಾವಿ ಬತ್ತಿದ ದಿನವನ್ನು ಹೇಳಿದರೆ, ಅಂದು ನೀರನ್ನು ಎಲ್ಲಿಂದ ತಂದಿರಿ, ಯಾರು ಹೊತ್ತರು ಎಂದು ಕೇಳಿ. ಉತ್ತರ ಹೇಳುತ್ತ ಹೋದಂತೆ ಭಾಷಣ ತಾನಾಗಿ ಆಕಾರ ಪಡೆಯುತ್ತದೆ. ಬಳಿಕ ಒಂದು ಸಣ್ಣ ಚೀಟಿಯಲ್ಲಿ ಐದು ಪದಗಳನ್ನು ಮಾತ್ರ ಬರೆದುಕೊಳ್ಳಲಿ. ಆ ಚೀಟಿಯನ್ನು ಹಿಡಿದು ಅದೇ ವಿಷಯವನ್ನು ಮೂವರಿಗೆ ಬೇರೆಬೇರೆಯಾಗಿ ಹೇಳಲಿ: ಒಬ್ಬ ಸಹಪಾಠಿಗೆ, ಕೆಳಗಿನ ತರಗತಿಯ ಒಂದು ಮಗುವಿಗೆ, ಬಿಸಿಯೂಟದ ಅಡುಗೆಯವರಿಗೆ. ಮೂರು ಸಲವೂ ಮಾತು ಬೇರೆಯಾಗುತ್ತದೆ, ಆಗಲೇಬೇಕು. ಬಾಯಿಪಾಠದ ಹಿಡಿತ ಸಡಿಲುವುದು ಅಲ್ಲಿಯೇ. ಮೊದಲ ವಾಕ್ಯ, ಕೊನೆಯ ವಾಕ್ಯ, ಹೇಳಲೇಬೇಕಾದ ಒಂದೆರಡು ಅಂಕಿಗಳು ಮಾತ್ರ ಗಟ್ಟಿಯಾಗಿರಲಿ. ಸಂಬೋಧನೆ ಒಂದು ಉಸಿರಿನಲ್ಲಿ ಮುಗಿಯಲಿ. ಐದು ನಿಮಿಷದ ಸ್ಪರ್ಧೆಗೆ ನಾಲ್ಕು ನಿಮಿಷದ ಮಾತನ್ನು ಸಿದ್ಧಪಡಿಸಿ. ಗಂಟೆಯ ಸದ್ದಿಗೆ ಬೆದರಿ ಓಡುವ ಮಾತು ಯಾರನ್ನೂ ತಲುಪುವುದಿಲ್ಲ.

ಮರೆಯುವುದಕ್ಕೂ ಅಭ್ಯಾಸ ಬೇಕು. ಮಗು ಮಾತನಾಡುತ್ತಿರುವಾಗ ನಡುವೆ ಒಮ್ಮೆ ಚಪ್ಪಾಳೆ ತಟ್ಟಿ ತಡೆಯಿರಿ. ಆಗ ಅದು ನಿಂತು, ಉಸಿರೆಳೆದುಕೊಂಡು, ಎದುರಿನ ಒಂದು ಮುಖವನ್ನು ನೋಡಿ, ಈಗಷ್ಟೇ ಹೇಳಿದ್ದನ್ನು ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳಿ ಮುಂದಿನ ಪದಕ್ಕೆ ಹೋಗಲಿ. ವಾರಕ್ಕೆರಡು ಸಲದಂತೆ ಒಂದು ತಿಂಗಳು ಹೀಗೆ ಮಾಡಿಸಿದರೆ ವೇದಿಕೆಯ ಮೇಲಿನ ಮೌನ ಮಗುವಿಗೆ ಅಷ್ಟು ಭಯಂಕರವಾಗಿ ಕಾಣುವುದಿಲ್ಲ.

ಬಾಯಿಪಾಠವನ್ನೇ ನಾನು ಅಲ್ಲಗಳೆಯುತ್ತಿದ್ದೇನೆಂದು ತಿಳಿಯಬೇಡಿ. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಧಾರ್ಮಿಕ ಪಠಣದಂಥ ಸ್ಪರ್ಧೆಗಳೇ ಇವೆ. ವಚನಗಳನ್ನು, ಷಟ್ಪದಿಗಳನ್ನು ಕಂಠಸ್ಥ ಮಾಡಿಕೊಂಡ ಮಗುವಿನ ಕಿವಿಯಲ್ಲಿ ಕನ್ನಡದ ಲಯ ಜೀವನವಿಡೀ ಉಳಿಯುತ್ತದೆ. ಕವಿಯ ಮಾತನ್ನು ಬಾಯಿಪಾಠ ಮಾಡಬೇಕು. ತನ್ನ ಅಭಿಪ್ರಾಯವನ್ನು ಬಾಯಿಪಾಠ ಮಾಡಬಾರದು.

ಚರ್ಚಾ ಸ್ಪರ್ಧೆಯಲ್ಲಿ ಇನ್ನೊಂದು ದೋಷವನ್ನು ನೀವೂ ಗಮನಿಸಿರಬಹುದು. ಪರವಾಗಿ ಮಾತನಾಡುವವರು ತಮ್ಮ ಭಾಷಣವನ್ನು ಒಪ್ಪಿಸುತ್ತಾರೆ, ವಿರೋಧವಾಗಿ ಮಾತನಾಡುವವರು ತಮ್ಮ ಭಾಷಣವನ್ನು ಒಪ್ಪಿಸುತ್ತಾರೆ, ಇಬ್ಬರೂ ಭೇಟಿಯಾಗುವುದೇ ಇಲ್ಲ. ತರಗತಿಯ ಅಭ್ಯಾಸದಲ್ಲಿ ಒಂದು ಕಟ್ಟುಪಾಡನ್ನು ತನ್ನಿ: ಖಂಡಿಸುವುದಕ್ಕೆ ಮುಂಚೆ ಎದುರಿನವರ ವಾದವನ್ನು, ಅವರೇ ‘ಹೌದು, ನಾನು ಹೇಳಿದ್ದು ಅದೇ’ ಎಂದು ಒಪ್ಪುವ ಹಾಗೆ, ಒಂದೆರಡು ವಾಕ್ಯಗಳಲ್ಲಿ ಮರಳಿ ಹೇಳಬೇಕು. ಮೊದಮೊದಲು ಮಕ್ಕಳಿಗೆ ಇದು ಬಹಳ ಕಷ್ಟವಾಗುತ್ತದೆ, ದೊಡ್ಡವರಿಗೂ ಆಗುತ್ತದೆ. ಮೊಬೈಲ್ ವರವೋ ಶಾಪವೋ ಎಂಬಂಥ ಸವೆದ ವಿಷಯಗಳನ್ನು ಸ್ಪರ್ಧೆಗೆ ಬಿಟ್ಟು, ಅಭ್ಯಾಸಕ್ಕೆ ನಿಮ್ಮ ಶಾಲೆಯ ವಿಷಯವನ್ನೇ ತೆಗೆದುಕೊಳ್ಳಿ: ಇರುವ ಹಣದಲ್ಲಿ ಗ್ರಂಥಾಲಯಕ್ಕೆ ಕಪಾಟು ಮೊದಲೋ, ಮೈದಾನಕ್ಕೆ ಬೇಲಿ ಮೊದಲೋ? ಅರ್ಧ ಅವಧಿ ಕಳೆದ ಮೇಲೆ ಪಕ್ಷಗಳನ್ನು ಅದಲುಬದಲು ಮಾಡಿ.

ದನಿ ಒಡೆದ ಹುಡುಗನ ವಿಷಯಕ್ಕೆ ಬರುತ್ತೇನೆ. ಪ್ರೌಢಶಾಲೆಯ ಶಿಕ್ಷಕರೆಲ್ಲ ಇದನ್ನು ತಿಳಿದಿರಬೇಕು. ನಿಮ್ಮ ಮಕ್ಕಳು 13ರಿಂದ 16ರ ವಯಸ್ಸಿನವರು. ಈ ಅವಧಿಯಲ್ಲಿ ಹುಡುಗರ ಧ್ವನಿಪೆಟ್ಟಿಗೆ ವೇಗವಾಗಿ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಇಳಿಯುತ್ತದೆ, ಆದರೆ ಕಡಿಮೆ. ಅದು ಯಾರ ಗಮನಕ್ಕೂ ಬರುವುದಿಲ್ಲ. ಬದಲಾವಣೆಯ ತಿಂಗಳುಗಳಲ್ಲಿ ದನಿ ತಾನಾಗಿ ಮೇಲಕ್ಕೆ ಹಾರುತ್ತದೆ, ಒಡೆಯುತ್ತದೆ. ಅದು ರೋಗವಲ್ಲ, ಪ್ರತಿಭೆ ಕಳೆದುಹೋದ ಲಕ್ಷಣವೂ ಅಲ್ಲ. ಆ ಹುಡುಗನಿಗೆ ಇದನ್ನು ಒಬ್ಬನನ್ನೇ ಕರೆದು ಹೇಳಿ, ತರಗತಿಯ ಮುಂದೆ ಬೇಡ. ಮೊದಲಿನ ಶ್ರುತಿಯಲ್ಲಿಯೇ ಹಾಡೆಂದು ಒತ್ತಾಯಿಸದೆ, ಅವನಿಗೆ ಸುಖವೆನಿಸುವ ಮಧ್ಯದ ಕೆಲವೇ ಸ್ವರಗಳಲ್ಲಿ ಮೆಲ್ಲಗೆ ಹಾಡಿಸಿ, ಅಥವಾ ಕೆಲವು ತಿಂಗಳು ತಾಳ, ತಮಟೆ, ನಿರೂಪಣೆಯ ಕೆಲಸಕ್ಕೆ ತೊಡಗಿಸಿ. ಇದೇ ಕಾರಣಕ್ಕೆ, ಆವೇಶದ ಭಾಷಣವೆಂದರೆ ಕಿರುಚುವುದು ಎಂಬ ನಮ್ಮ ಸ್ಪರ್ಧೆಗಳ ರೂಢಿ ನನಗೆ ನೋವುಂಟುಮಾಡುತ್ತದೆ. ಕತ್ತಿನ ನರ ಉಬ್ಬಿಸಿ ಕೂಗಿದ ಮಗುವಿಗೆ ಬಹುಮಾನ ಕೊಡುವ ತೀರ್ಪುಗಾರರು ಆ ಮಗುವಿನ ಗಂಟಲಿಗೆ ಅಪಕಾರ ಮಾಡುತ್ತಾರೆ. ದೂರಕ್ಕೆ ಕೇಳಿಸುವಂತೆ ಮಾತನಾಡುವುದೆಂದರೆ ಜೋರಾಗಿ ಕೂಗುವುದಲ್ಲ. ಹೊಟ್ಟೆಯಿಂದ ಉಸಿರೆಳೆದುಕೊಂಡು, ಬಾಯಿಯನ್ನು ಪೂರ್ತಿ ತೆರೆದು, ಪದದ ಕೊನೆಯ ಅಕ್ಷರವನ್ನು ನುಂಗದೆ ಹೇಳುವುದು. ಒಂದು ಮಗು ಧ್ವಜಕಟ್ಟೆಯ ಬಳಿ, ಇನ್ನೊಂದು ಮಗು ಮೈದಾನದ ಆಚೆಯ ಮರದ ಬಳಿ ನಿಂತು, ಕೂಗದೆ ಊರಿನ ಸುದ್ದಿ ಮಾತನಾಡಲಿ. ಅದಕ್ಕೆ ಮುಂಚೆ ಎರಡು ನಿಮಿಷ ತುಟಿ ಮುಚ್ಚಿ ಗುಂಯ್‌ಗುಡಿಸಿ, ನೀರು ಕುಡಿಸಿ. ಗಂಟಲು ಒರಟಾಗಿ ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ–ಮೂಗು–ಗಂಟಲಿನ ವೈದ್ಯರಿಗೆ ತೋರಿಸಲೇಬೇಕು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಅಕಾರ–ಹಕಾರದ ಗೊಂದಲ, ಅಲ್ಪಪ್ರಾಣ–ಮಹಾಪ್ರಾಣ, ಶ–ಷ–ಸಗಳ ಭೇದಗಳಿಗೆ ತೀರ್ಪುಗಾರರು ಅಂಕ ಕಳೆಯುವುದು ನಿಜ. ಆದ್ದರಿಂದ ಅವುಗಳನ್ನು ಪದ್ಯ ಓದಿಸುವಾಗ, ಗಟ್ಟಿಯಾಗಿ ಪಾಠ ಓದಿಸುವಾಗ ಪ್ರತ್ಯೇಕವಾಗಿ ತಿದ್ದಿ. ಮಗು ತನ್ನ ಮಾತನ್ನು ಹುಡುಕಿಕೊಳ್ಳುತ್ತಿರುವ ಹೊತ್ತಿನಲ್ಲಿ ನಡುವೆ ಬಾಯಿಹಾಕಿ ತಿದ್ದಬೇಡಿ. ಕಲಬುರಗಿಯ, ಧಾರವಾಡದ, ಚಾಮರಾಜನಗರದ ಕನ್ನಡ ತಪ್ಪಾದ ಕನ್ನಡವಲ್ಲ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳು ಕನ್ನಡದಲ್ಲಿ ನಿಂತು ಮಾತನಾಡುವಾಗ ಅವರು ಏರುತ್ತಿರುವ ದಿಣ್ಣೆ ಉಳಿದವರದಕ್ಕಿಂತ ಎತ್ತರದ್ದು ಎಂಬುದು ನಿಮ್ಮ ನೆನಪಿನಲ್ಲಿರಲಿ. ತೊದಲುವ ಮಗುವಿದ್ದರೆ ಅದರ ವಾಕ್ಯವನ್ನು ಇತರರು ಮುಗಿಸಿಕೊಡಬಾರದು. ಒಟ್ಟಾಗಿ ಹೇಳುವಾಗ, ಹಾಡುವಾಗ ಇಂಥ ಮಕ್ಕಳಲ್ಲಿ ಅನೇಕರ ತೊದಲು ಬಹಳ ಕಡಿಮೆಯಾಗುತ್ತದೆ. ಮೇಳದಿಂದ ಶುರುಮಾಡುವುದು ಅವರಿಗೆ ಒಳ್ಳೆಯದು.

ನಾಟಕಕ್ಕೆ ಈ ಮೇಳವೇ ದಾರಿ. ರಾಜ, ರಾಣಿ, ಮಂತ್ರಿ ಎಂದು ನಾಲ್ವರಿಗೆ ಪಾತ್ರ ಕೊಟ್ಟು ಉಳಿದವರನ್ನು ಪ್ರೇಕ್ಷಕರನ್ನಾಗಿಸುವ ನಾಟಕವನ್ನು ಪ್ರೌಢಶಾಲೆಗೆ ಆರಿಸಿಕೊಳ್ಳಬೇಡಿ. ನಾನೊಮ್ಮೆ 9ನೆಯ ತರಗತಿಯ 38 ಮಕ್ಕಳೊಡನೆ ‘ಕೊನೆಯ ಬಸ್ಸು’ ಎಂಬ ವಿಷಯವನ್ನು ಇಟ್ಟುಕೊಂಡು ಕೆಲಸ ಮಾಡಿದೆ. ಬರೆದ ನಾಟಕವಿರಲಿಲ್ಲ. ನಾಲ್ಕು ಬೆಂಚುಗಳು ಬಸ್ಸಾದವು. ಎಂಜಿನ್ ಸದ್ದನ್ನು ಹತ್ತು ಮಕ್ಕಳು ಗಂಟಲಿನಲ್ಲಿ ಮಾಡಿದರು, ಬಿಸಿಯೂಟದ ತಟ್ಟೆಗಳು ಬಸ್ಸಿನ ತಗಡಾಗಿ ಬಡಿದವು. ದಿನಬಳಕೆಯ ವಸ್ತುಗಳಲ್ಲಿ ರಂಗಸಂಗೀತವನ್ನು ಕಂಡ ರಂಗನಿರ್ದೇಶಕ ಬಿ.ವಿ. ಕಾರಂತರ ನಾಡಿನಲ್ಲಿ ಬಾಡಿಗೆಗೆ ಕೀಬೋರ್ಡ್ ತರಬೇಕಾದ ಅಗತ್ಯವಿಲ್ಲ. ಪ್ರತಿಯೊಂದು ಮಗುವೂ ಒಬ್ಬ ಪ್ರಯಾಣಿಕನಾಗಿ ಒಂದೇ ಒಂದು ಮಾತನ್ನು ತಂದಿತು: ಔಷಧಿ ತರಲು ಹೋದವನು, ಸಂತೆಯಲ್ಲಿ ಮಾರದೆ ಉಳಿದ ಸೊಪ್ಪಿನ ಬುಟ್ಟಿಯವಳು, ಟ್ಯೂಷನ್ ಮುಗಿಸಿ ಓಡಿಬಂದವಳು. ಸೊಪ್ಪಿನ ಬುಟ್ಟಿಯ ಹುಡುಗಿಗೆ ಇನ್ನೂ ಒಂದಿಷ್ಟು ಅಭಿನಯಿಸು ಎಂದು ಹೇಳಿದ್ದು ನನ್ನ ತಪ್ಪು. ಅವಳು ಹಾಗೆ ಮಾಡದೆ, ಬುಟ್ಟಿಯ ಮೇಲೆ ಒದ್ದೆ ಬಟ್ಟೆಯನ್ನು ಸರಿಪಡಿಸುತ್ತಲೇ ಇದ್ದಳು, ಅವಳ ತಾಯಿ ಮಾಡುವ ಹಾಗೆ. ಹದಿನೆಂಟು ನಿಮಿಷದ ಆ ನಾಟಕದಲ್ಲಿ ನೋಡಿದವರೆಲ್ಲರ ಮನಸ್ಸಿನಲ್ಲಿ ನಿಂತದ್ದು ಆ ಕೈಗಳು.

ಹೀಗೆ ಆಶುವಾಗಿ ಹುಟ್ಟಿದ ಮಾತುಗಳಲ್ಲಿ ಒಳ್ಳೆಯದನ್ನು ಆರಿಸಿ, ಐದಾರು ಸಲ ಆಡಿಸಿದ ಮೇಲೆ ಬರೆದಿಡಿ. ಮುದ್ರಿತ ನಾಟಕವನ್ನು ಆಡಿಸುವುದಾದರೆ ಮೊದಲ ವಾರ ಪಾತ್ರ ಹಂಚದೆ, ಎಲ್ಲರೂ ಎಲ್ಲ ಪಾತ್ರಗಳನ್ನೂ ಓದಲಿ. ತಾಲೀಮನ್ನು ಶಾಲೆಯ ವೇಳೆಯಲ್ಲಿಯೇ ಮುಗಿಸಿ. ಸಂಜೆಯ ತಾಲೀಮಿನಿಂದ ಮೊದಲು ಹೊರಗುಳಿಯುವವರು ದೂರದ ಹಳ್ಳಿಗಳ ಹುಡುಗಿಯರು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಮಕ್ಕಳಿಗಾಗಿ ನಡೆಸುವ ರಂಗಶಿಬಿರ ಚಿನ್ನರ ಮೇಳ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ, ಉಡುಪಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತರುವ ಯಕ್ಷಶಿಕ್ಷಣ ಟ್ರಸ್ಟ್ ಇವೆಲ್ಲ ನೋಡಿ ಬರಬೇಕಾದ ಜಾಗಗಳು. ಅಲ್ಲಿ ತರಬೇತಿ ಪಡೆದು ಊರಿಗೆ ಮರಳಿದ ಯುವಕ ಯುವತಿಯರು ಅನೇಕ ತಾಲ್ಲೂಕುಗಳಲ್ಲಿದ್ದಾರೆ. ವಿಚಾರಿಸಿದರೆ ವಾರಕ್ಕೊಮ್ಮೆ ಬರಲು ಒಪ್ಪುವವರು ಸಿಗಬಹುದು. ವಿಜ್ಞಾನ ನಾಟಕ ಸ್ಪರ್ಧೆಯ ನೆಪದಲ್ಲಿ ನಿಮ್ಮ ವಿಜ್ಞಾನ ಶಿಕ್ಷಕರನ್ನೂ ಜೊತೆಗೆ ಸೇರಿಸಿಕೊಳ್ಳಿ. 9ರಿಂದ 12ನೆಯ ತರಗತಿಯವರಿಗಾಗಿ 2015ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಕಲಾ ಸ್ಪರ್ಧೆಯಾದ ಕಲೋತ್ಸವದ ಸುತ್ತೋಲೆಯನ್ನೂ ಗಮನಿಸುತ್ತಿರಿ. ವಾರ್ಷಿಕೋತ್ಸವದ ಸಿನಿಮಾ ಹಾಡಿನ ಕುಣಿತಗಳನ್ನು ಒಮ್ಮೆಗೇ ನಿಲ್ಲಿಸಲು ಹೋಗಬೇಡಿ, ಮಕ್ಕಳಿಗೆ ಅದರಲ್ಲಿ ನಿಜವಾದ ಸಂತೋಷವಿದೆ. ಅವುಗಳ ನಡುವೆ ಊರಿನ ಹಿರಿಯರು ಕಲಿಸಿದ ಒಂದು ಕೋಲಾಟವನ್ನೋ ಡೊಳ್ಳಿನ ಕುಣಿತವನ್ನೋ ಸೇರಿಸಿದರೆ ಸಾಕು.

ಸಮಯವೆಲ್ಲಿದೆ ಎಂದು ನೀವು ಕೇಳುವುದು ನ್ಯಾಯವೇ ಆಗಿದೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಅಂಕಗಳು ಆಂತರಿಕ ಮೌಲ್ಯಮಾಪನಕ್ಕೆ ಸೇರಿವೆ. ವರ್ಷದ ನಡುವೆ ಕಲಿಕೆಯ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗಳನ್ನು ಮಾಡಿಸಲೇಬೇಕು. ಹೆಚ್ಚಿನ ಕಡೆ ಈ ಚಟುವಟಿಕೆಯೆಂದರೆ ಅಂಗಡಿಯಿಂದ ತಂದ ಚಿತ್ರಗಳನ್ನು ಹಾಳೆಗೆ ಅಂಟಿಸುವುದಾಗಿದೆ. ಆ ಜಾಗದಲ್ಲಿ ಕರ್ಣ–ಕೃಷ್ಣರ ಅರ್ಥಗಾರಿಕೆಯನ್ನು, ಪದ್ಯದ ವಾಚನವನ್ನು, ಪಕ್ಷ ಬದಲಿಸುವ ಚರ್ಚೆಯನ್ನು ಇಡಿ. ಏನನ್ನು ನೋಡಿ ಅಂಕ ಕೊಡುತ್ತೀರೆಂದು ಮಕ್ಕಳಿಗೆ ಮೊದಲೇ ತಿಳಿಸಿ, ಅದರಲ್ಲಿ ಕೇಳಿಸಿಕೊಂಡದ್ದಕ್ಕೂ ಒಂದು ಪಾಲಿರಲಿ. ಮುಖ್ಯಶಿಕ್ಷಕರ ಬಳಿಗೆ ಹೋಗುವಾಗ ಹೆಚ್ಚುವರಿ ಅವಧಿಯನ್ನು ಕೇಳಬೇಡಿ. ಇರುವ ಕನ್ನಡ ಅವಧಿಗಳಲ್ಲಿ ವಾರಕ್ಕೆ ಒಂದನ್ನು ಹೀಗೆ ನಡೆಸುತ್ತೇನೆ, ಪಠ್ಯ ಹಿಂದೆ ಬೀಳುವುದಿಲ್ಲ ಎಂದು ಪದ್ಯಗಳ ಪಟ್ಟಿಯನ್ನೇ ಮುಂದಿಡಿ. ಜೂನ್‌ನಲ್ಲಿ ಶುರುಮಾಡಿದರೆ ಡಿಸೆಂಬರ್‌ವರೆಗೆ ಇಪ್ಪತ್ತಕ್ಕೂ ಹೆಚ್ಚು ಅವಧಿಗಳು ಸಿಗುತ್ತವೆ. ಆಮೇಲೆ 10ನೆಯ ತರಗತಿಯವರನ್ನು ಪರೀಕ್ಷೆಗೆ ಬಿಟ್ಟುಬಿಡಿ.

ಕೊನೆಯದಾಗಿ ಆ ಹುಡುಗಿ. ಸದ್ಯಕ್ಕೆ ಅವಳನ್ನು ವೇದಿಕೆಗೆ ಕರೆಯಬೇಡಿ, ಧೈರ್ಯ ಹೇಳುವ ನೆಪದಲ್ಲಿ ಅಂದಿನ ಘಟನೆಯನ್ನು ಮತ್ತೆ ಎತ್ತಬೇಡಿ. ಆ ಭಾಷಣವನ್ನು ಬರೆದವರು ನೀವು. ಆದ್ದರಿಂದ, ಅದು ನಿನ್ನ ಮಾತಾಗಿರಲಿಲ್ಲ, ತಪ್ಪು ನನ್ನದು ಎಂದು ಒಮ್ಮೆ ಅವಳಿಗೆ ನೇರವಾಗಿ ಹೇಳಿಬಿಡಿ. ಚಾಪೆಯ ಮೇಲಿನ ಅಭ್ಯಾಸದಲ್ಲಿ ಮೊದಲ ಕೆಲವು ವಾರ ಅವಳು ಕೇಳುವವರ ಸಾಲಿನಲ್ಲಿರಲಿ, ಯಾರು ಯಾವ ಪದವನ್ನು ಹಿಡಿದರೆಂದು ಗುರುತು ಹಾಕಿಕೊಳ್ಳಲಿ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂಬುದು ನಿಮಗೆ ತಿಳಿದಿದೆ. ಅಲ್ಲಿ ಅಧ್ಯಕ್ಷರು, ಪಿಡಿಒ ಮಕ್ಕಳೆದುರು ಕೂರುತ್ತಾರೆ, ಮಕ್ಕಳ ಅಹವಾಲುಗಳನ್ನು ಬರೆದುಕೊಳ್ಳುತ್ತಾರೆ. ಸಂಜೆಯ ಬಸ್ಸೋ, ಶೌಚಾಲಯದ ನೀರೋ, ಅವಳಿಗೆ ನಿಜವಾಗಿ ತೊಂದರೆ ಕೊಡುತ್ತಿರುವ ಸಂಗತಿ ಯಾವುದೆಂದು ತಿಳಿದುಕೊಂಡು, ಅದರ ಬಗ್ಗೆ ಒಂದೇ ಪ್ರಶ್ನೆಯನ್ನು ಕೇಳುವ ಕೆಲಸವನ್ನು ಅವಳಿಗೆ ಒಪ್ಪಿಸಿ. ಚೀಟಿ ಬೇಡ, ಸಂಬೋಧನೆ ಬೇಡ, ಬೇಕಾದರೆ ಕುಳಿತಲ್ಲಿಂದಲೇ ಕೇಳಲಿ. ಪಂಚಾಯಿತಿಯವರು ಉತ್ತರ ಕೊಟ್ಟ ಮೇಲೆ ಅವಳು ತಾನಾಗಿ ಎರಡನೆಯ ಪ್ರಶ್ನೆಯನ್ನು ಕೇಳಿದಳೋ ಇಲ್ಲವೋ, ಅದನ್ನು ನನಗೆ ಬರೆದು ತಿಳಿಸಿ.